ಶನಿವಾರದ ಆದಿಮಾನವ

ಸೋಮವಾರದಿಂದ ಶುಕ್ರವಾರದವರೆಗೆ ಈತ ಬೆಂಗಳೂರಿನ ಕಂಪನಿಯೊಂದರಲ್ಲಿ ಮ್ಯಾನೇಜರ್. ಶನಿವಾರ ಬೆಳಗಾದರೆ ಬಾಗೂರು ಹೋಬಳಿಯ ತೆಂಗಿನ ತೋಟದಲ್ಲಿ ಆದಿಮಾನವ. 2017ರಲ್ಲಿ ಬೆಂಗಳೂರು–ಹಾಸನ ರೈಲು ಮಾರ್ಗ ಪೂರ್ತಿಯಾದ ಮೇಲಂತೂ ಶಿಲಾಯುಗ ಬಹಳ ಹತ್ತಿರವಾಗಿದೆ: ಚನ್ನರಾಯಪಟ್ಟಣದಲ್ಲಿ ಇಳಿದು ಬಸ್ಸು ಹತ್ತಿದರಾಯಿತು.

ಈತನ ಹವ್ಯಾಸ ಬುಶ್‌ಕ್ರಾಫ್ಟ್, ಅಂದರೆ ಸುತ್ತಮುತ್ತ ಸಿಕ್ಕಿದ್ದರಲ್ಲೇ ಬದುಕುವ ವಿದ್ಯೆ. ಏನೂ ಇಲ್ಲದೆ ಬದುಕಲು ಬೇಕಾದ ಸಾಮಾನೆಲ್ಲ ಈತನ ಬೆನ್ನಿನ ಚೀಲದಲ್ಲಿದೆ: ಕಾರ್ಬನ್ ಸ್ಟೀಲ್ ಚಾಕು, ಮಡಚುವ ಗರಗಸ, ಟೈಟಾನಿಯಂ ಲೋಟ, ಹ್ಯಾಮಕ್. ಊರಿನಲ್ಲಿರುವ ದೊಡ್ಡಪ್ಪನ ಹತ್ತಿರ ಇರುವುದು ಒಂದು ಮಚ್ಚು. ಅದರಲ್ಲೇ ಎಳನೀರು ಕೆತ್ತಿ, ಬೇಲಿ ಸವರಿ, ಸೌದೆಯನ್ನೂ ಸೀಳುತ್ತಾರೆ.

ಬೆಂಕಿ ಹೊತ್ತಿಸಲು ಫೆರೋ ರಾಡ್. ಆಸ್ಟ್ರಿಯಾದ ಔರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಪೇಟೆಂಟ್ ಮಾಡಿಸಿದ ಸೀರಿಯಂ–ಕಬ್ಬಿಣದ ಮಿಶ್ರಲೋಹವದು. ಸಿಗರೇಟು ಲೈಟರಿನ ಕಲ್ಲೂ ಅದೇ. ಹಾಗಾಗಿ ನೆಂಟಸ್ತಿಕೆಯಲ್ಲಿ ಅದು ಗುಹೆಯವರಿಗಿಂತ ಬೀಡಾ ಅಂಗಡಿಯವರಿಗೇ ಹತ್ತಿರ. ಈತ ಗೀರುತ್ತಾನೆ, ಕಿಡಿ ಹಾರುತ್ತದೆ, ಆರುತ್ತದೆ. ಮತ್ತೆ ಗೀರುತ್ತಾನೆ.

‘ಯಾಕ್ಲಾ ಮಗ, ಬೆಂಕಿಪೊಟ್ಣ ತಂದ್ಕೊಡ್ಲಾ?’ ಎಂದು ದೊಡ್ಡಪ್ಪ ಕೇಳುತ್ತಾರೆ. ಉತ್ತರ ಬರುವುದಿಲ್ಲ. ಅವರೇ ಒಂದು ಹಿಡಿ ಒಣ ತೆಂಗಿನ ನಾರು ಮುಂದಿಟ್ಟು ಹೋಗುತ್ತಾರೆ. ಮುಂದಿನ ಕಿಡಿಗೇ ಭಗ್ಗೆನ್ನುತ್ತದೆ. ದೊಡ್ಡಪ್ಪನ ಮಗ ತೆಗೆಯುತ್ತಿರುವ ವಿಡಿಯೊದಲ್ಲಿ ಅದು ಮಾತ್ರ ಉಳಿಯುತ್ತದೆ.

ಮಧ್ಯಾಹ್ನ ನೀರು ಹುಡುಕುವ ಅಭ್ಯಾಸ. ಹೇಮಾವತಿಯನ್ನು ತುಮಕೂರಿನ ಕಡೆಗೆ ಒಯ್ಯುವ, ಸುಮಾರು ಹತ್ತು ಕಿ.ಮೀ. ಉದ್ದದ ಬಾಗೂರು–ನವಿಲೆ ಸುರಂಗ ಇದೇ ಸೀಮೆಯ ನೆಲದಡಿ ಹಾದುಹೋಗಿದೆ. ಈತ ಮೇಲೆ ಗುಂಡಿ ತೋಡಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಆವಿ ಹನಿಯಾಗಿ ಲೋಟಕ್ಕೆ ಬೀಳುವುದನ್ನು ಕಾಯುತ್ತಾನೆ. ಅಷ್ಟರಲ್ಲಿ ಆಫೀಸಿನಿಂದ ಕರೆ. ಸಿಗ್ನಲ್ಲಿಗಾಗಿ ಬದುವಿನ ಮೇಲೆ ನಿಂತು ಮೀಟಿಂಗ್ ಸೇರಿದರೆ, ಹಿಂದಿನ ತೆಂಗಿನ ಸಾಲನ್ನು ಸಹೋದ್ಯೋಗಿಗಳು ಕಂಪ್ಯೂಟರಿನ ಚಿತ್ರವೆಂದೇ ನಂಬುತ್ತಾರೆ.

ಸಕಲೇಶಪುರದ ಕಡೆಯ ನಿಜವಾದ ಕಾಡಿಗೇ ಹೋಗಬಾರದೇಕೆ? ಮೀಸಲು ಅರಣ್ಯದಲ್ಲಿ ಹೀಗೆ ಬೆಂಕಿ ಹಾಕಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ‘2020ರಲ್ಲಿ ಟಿ.ವಿ. ಶೋಗಾಗಿ ಬೇರ್ ಗ್ರಿಲ್ಸ್ ರಜನೀಕಾಂತ್‌ರನ್ನ ಬಂಡೀಪುರದಲ್ಲಿ ಸುತ್ತಿಸಲಿಲ್ಲವಾ?’ ಎಂದು ಈತ ಗೊಣಗುವುದುಂಟು. ಅವರ ಬಳಿ ಅರಣ್ಯ ಇಲಾಖೆಯ ಅನುಮತಿಯಿತ್ತು. ಈತನ ಬಳಿ ಇರುವುದು ತಾತನ ಪಹಣಿ.

ನೌಕರಿಯ ಜೊತೆ ಕಾಡನ್ನೂ ನಿಭಾಯಿಸಿದವರು ಇಲ್ಲದಿಲ್ಲ. ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಮೂಲಕ ನಮಗೆ ಪರಿಚಯವಾದ ಬೇಟೆಗಾರ ಕೆನ್ನೆತ್ ಆಂಡರ್ಸನ್ ಬೆಂಗಳೂರಿನ ವಿಮಾನ ಕಾರ್ಖಾನೆಯ ನೌಕರ. ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಮೇಷ್ಟರಾಗಿ ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿ ‘ಹಸುರು ಹೊನ್ನು’ ಬರೆದರು. ಸ್ವಾಮಿಯವರಿಗೆ ಗಿಡಗಳ ಹೆಸರು ಗೊತ್ತಿತ್ತು. ಈತನಿಗೆ ಚಾಕು ಕಂಪನಿಗಳ ಹೆಸರು ಬಾಯಿಪಾಠ.

ಭಾನುವಾರ ಸಂಜೆ ವೈರಾಗ್ಯ ಅಡರುತ್ತದೆ. ‘ಸಾಕು, ಕೆಲಸಕ್ಕೆ ರಾಜೀನಾಮೆ ಕೊಟ್ಟು ಇಲ್ಲೇ ಇದ್ದುಬಿಡ್ತೀನಿ.’ ನಸುಕಿಗೇ ಹಸು ಕರೆದು, ಡೈರಿಗೆ ಹಾಲು ಹಾಕಿ, ಹಾಸನದ ಕಾರ್ಖಾನೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ದೊಡ್ಡಪ್ಪನ ಮಗ ವಿಡಿಯೊ ನಿಲ್ಲಿಸುತ್ತಾನೆ. ‘ಅಣ್ಣ, ಕೊಡೋದಾದ್ರೆ ಮೊದ್ಲು ನಂಗೇಳು. ಅರ್ಜಿ ಹಾಕ್ತೀನಿ.’