ಭಾವನ ಐದನೇ ಚಕ್ರ

ಹೊಸ ಕಾರು ಮನೆಗೆ ಬಂದ ದಿನ ಭಾವ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದರು. ಐದನೆಯದಕ್ಕೆ ಹಣ್ಣೆಲ್ಲಿ ಎಂದು ಕೇಳಿದೆ. “ಐದನೇದು ಇಲ್ಲ ಕಣಯ್ಯ, ಈಗೆಲ್ಲ ಹಿಂಗೇ ಬರೋದು” ಎಂದು ಡಿಕ್ಕಿ ಎತ್ತಿ ತೋರಿಸಿದರು. ಸ್ಟೆಪ್ನಿ ಮಲಗಬೇಕಾದ ಗುಂಡಿಯಲ್ಲಿ ಒಂದು ಪುಟ್ಟ ಪಂಪು, ಒಂದು ಬಾಟಲಿ ಸೀಲೆಂಟು. ಎರಡಕ್ಕೂ ಪ್ಲಾಸ್ಟಿಕ್ ಕವರು. ಅದನ್ನು ಬಿಚ್ಚಿದರೆ ಕಾರು ಹಳೇದಾಗುತ್ತದೆಂದು ಭಾವನ ನಂಬಿಕೆ.

ಕಂಪನಿಯವರನ್ನು ಬೈಯುವಂತೆಯೂ ಇಲ್ಲ. 2020ರಲ್ಲಿ ಕೇಂದ್ರ ಸರ್ಕಾರವೇ ನಿಯಮ ತಿದ್ದಿದೆ. ಡ್ರೈವರ್ ಸೇರಿ ಒಂಬತ್ತು ಸೀಟು, 3.5 ಟನ್ ಮೀರದ ಗಾಡಿಗೆ ಟ್ಯೂಬ್‌ಲೆಸ್ ಟೈರು, ಗಾಳಿ ಇಳಿದರೆ ಎಚ್ಚರಿಸುವ ಸೆನ್ಸರು, ರಿಪೇರಿ ಕಿಟ್ಟು ಇಷ್ಟಿದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಕಿಟ್ಟು ಬಳಸಲು ಬರಬೇಕೆಂದು ಎಲ್ಲೂ ಬರೆದಿಲ್ಲವಲ್ಲ! ಆ ಸಂದಿಯಲ್ಲಿ ಭಾವ ನೆಮ್ಮದಿಯಾಗಿ ಕೂತಿದ್ದಾರೆ.

“ಶಿರಾಡಿ ಘಾಟಿನಲ್ಲಿ ಪಂಕ್ಚರ್ ಆದ್ರೆ?”

“ಹೆದ್ದಾರಿ ಸಹಾಯವಾಣಿ ಇದೆಯಲ್ಲ, 1033.”

“ಸಿಗ್ನಲ್ ಸಿಗದಿದ್ರೆ?”

ಭಾವ ಬಾನೆಟ್ಟಿನ ಮೇಲಿಲ್ಲದ ಧೂಳನ್ನು ಒರೆಸತೊಡಗಿದರು.

ಕವರು ಬಿಚ್ಚಿದ್ದು ಕೊನೆಗೆ ಅಕ್ಕ. ಬಿಚ್ಚಿದ್ದೇ ಒಳ್ಳೆಯದಾಯಿತು. ಪಂಪಿನ ವೈರು ಹಿಂದಿನ ಚಕ್ರದವರೆಗೆ ಎಟಕುತ್ತದೋ ಇಲ್ಲವೋ ಎಂಬುದನ್ನು ಮನೆ ಮುಂದೆ ತಿಳಿದುಕೊಳ್ಳಬೇಕು, ಲಾರಿಗಳು ಮೈಮೇಲೆ ಬರುವಲ್ಲಿ ಅಲ್ಲ. ಸೀಲೆಂಟ್ ಬಾಟಲಿಗೂ ಎಕ್ಸ್‌ಪೈರಿ ಡೇಟ್ ಇರುತ್ತದೆ. ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ತಿರುಗಿಸಿ ತಾರೀಖು ಓದುವ ಭಾವನಿಗೆ ಇದು ಕಂಡಿರಲಿಲ್ಲ.

ಪಂಕ್ಚರ್ ಅಂಗಡಿಯವನ ಕೈಚಳಕವನ್ನು ಅಕ್ಕ ಹತ್ತಿರ ನಿಂತು ನೋಡಿ ಬಂದಳು. ಮೊಳೆ ಕಂಡ ಕೂಡಲೇ ಕಿತ್ತರೆ ಇದ್ದ ಗಾಳಿಯೂ ಬುಸ್. ರಬ್ಬರಿನ ಬತ್ತಿಯನ್ನು ಸೂಜಿಗೆ ಪೋಣಿಸಿ, ಸಲ್ಯೂಷನ್ ಸವರಿ ಸಿದ್ಧ ಮಾಡಿಟ್ಟುಕೊಂಡೇ ಪ್ಲೇಯರಿನಿಂದ ಮೊಳೆ ಎಳೆಯುವುದು. ಆಮೇಲೆ ಅರದಂಥ ಸಲಾಕೆಯನ್ನು ತೂತಿನಲ್ಲಿ ನಾಲ್ಕಾರು ಸಲ ಆಡಿಸಿ, ಬತ್ತಿಯ ಬಾಲ ಹೊರಗುಳಿಯುವಂತೆ ಸೂಜಿ ಒತ್ತಿ, ಸರಕ್ಕನೆ ಹಿಂದಕ್ಕೆಳೆಯಬೇಕು. ಹೇಳುವಷ್ಟು ಸಲೀಸಲ್ಲ, ಹೊಸ ಟೈರು ಸೂಜಿಯನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ, ಮೈಭಾರ ಹಾಕಬೇಕು. ಮೈಭಾರದ ವಿಷಯದಲ್ಲಿ ಭಾವನಿಗೆ ಕೊರತೆಯಿಲ್ಲ, ಬಗ್ಗುವುದೇ ಕಷ್ಟ. ಕೊನೆಗೆ ಅಂಗಡಿಯವನು ಬೆರಳಿಗೆ ಎಂಜಲು ಹಚ್ಚಿ ಬತ್ತಿಯ ಮೇಲಿಟ್ಟು ಗುಳ್ಳೆ ಏಳುತ್ತದೆಯೇ ನೋಡುತ್ತಾನೆ. ಅಕ್ಕ ಡಿಕ್ಕಿಯಲ್ಲಿ ಬತ್ತಿ, ಸೂಜಿಯ ಜೊತೆಗೆ ಅದಕ್ಕೆಂದು ಸೋಪಿನ ನೀರಿನ ಬಾಟಲಿಯನ್ನೂ ಇಟ್ಟಿದ್ದಾಳೆ. ಭಾವ ಅಂಗಡಿಯವನ ಪದ್ಧತಿಯೇ ಸರಿ ಎನ್ನುತ್ತಾರೆ, ಖರ್ಚಿಲ್ಲ.

ಇಷ್ಟೆಲ್ಲ ವಿದ್ಯೆ ನೆಲ ಮುಟ್ಟುವ ಭಾಗಕ್ಕೆ ಮಾತ್ರ. ಟೈರಿನ ಪಕ್ಕೆ ಹರಿದರೆ ಬತ್ತಿಯೂ ಇಲ್ಲ, ಬಾಟಲಿಯೂ ಇಲ್ಲ, ಟೋಯಿಂಗ್ ಗಾಡಿಯೇ ಗತಿ. ವಿಮೆಯಲ್ಲಿ ರಸ್ತೆ ನೆರವು ಸೇರಿದೆಯೇ ಎಂದು ಹೊರಡುವ ಮುಂಚೆ ನೋಡಿಕೊಂಡರಾಯಿತು. ಡಿಕ್ಕಿಯಲ್ಲಿ ಎಚ್ಚರಿಕೆಯ ಕೆಂಪು ತ್ರಿಕೋನವೂ ಇರಲಿ. ಕಾದು ನಿಲ್ಲುವಾಗ ಮರದ ಸೊಪ್ಪು ಮುರಿದು ರಸ್ತೆಗೆ ಹಾಕುವುದು ತಪ್ಪುತ್ತದೆ.

ಕಡೆಗೊಂದು ದಿನ ಭಾವನ ಕಾರಿಗೆ ನಿಜವಾಗಿಯೂ ಮೊಳೆ ಚುಚ್ಚಿತು. ಅಕ್ಕ ಜೊತೆಗಿರಲಿಲ್ಲ. ಬತ್ತಿಯ ತಂಟೆಗೇ ಹೋಗದೆ ಭಾವ ಬಾಟಲಿಯಷ್ಟನ್ನೂ ಟೈರಿಗೆ ಹಿಂಡಿ, ಗಾಳಿ ತುಂಬಿ, ಮೆಲ್ಲಗೆ ಅಂಗಡಿ ಮುಟ್ಟಿದರು. ಒಳಗಿನ ವಿಷಯ ಬಾಯಿಬಿಡಲಿಲ್ಲ. ಹುಡುಗ ರಿಮ್ಮಿನಿಂದ ಟೈರು ಎಬ್ಬಿಸಿದ್ದೇ ತಡ, ಬಿಳಿ ಲೋಳೆ ಅವನ ಅಂಗಿ ಮೇಲೆ.

“ಏನ್ ಸಾರ್, ಟೈರಿಗೆ ಗಂಜಿ ಕುಡಿಸಿದೀರಾ?”

ತೊಳೆದದ್ದಕ್ಕೆ ಬೇರೆ ಚಾರ್ಜು ಹಾಕಿದ. ಭಾವ ಚೌಕಾಸಿ ಮಾಡಲಿಲ್ಲವಂತೆ.