ಓ.ಎಸ್. ನಂಬರ್ ಹೇಳ್ರೀ

ಕೋರ್ಟಿನ ಸರ್ಟಿಫೈಡ್ ಕಾಪಿಯನ್ನು ಎಲ್ಲರೂ ಮೊದಲ ಪುಟದಿಂದ ಓದುತ್ತಾರೆ. ಯಾರು ಗೆದ್ದರು, ಯಾರಿಗೆ ಎಷ್ಟು ಗುಂಟೆ ಬಂತು, ಖರ್ಚು ಯಾರ ತಲೆಗೆ ಬಿತ್ತು ಎಂಬುದಷ್ಟೇ ಅವರಿಗೆ ಬೇಕು. ನನಗೆ ಇಷ್ಟವಾಗುವುದು ಕೊನೆಯ ಪುಟದ ಹಿಂಬದಿ. ಅಲ್ಲೊಂದು ರಬ್ಬರ್ ಸ್ಟಾಂಪಿನ ಮುದ್ರೆ ಇರುತ್ತದೆ. ಅರ್ಜಿ ಕೊಟ್ಟ ದಿನ, ಹಣ ಕಟ್ಟಿದ ದಿನ, ಕಾಪಿ ತಯಾರಾದ ದಿನ, ಅದನ್ನು ಕೈಗೆ ಕೊಟ್ಟ ದಿನ, ಎಲ್ಲವನ್ನೂ ಅದರಲ್ಲಿ ಪೆನ್ನಿನಿಂದ ತುಂಬಿರುತ್ತಾರೆ. ಮುಂದೆ ಅಣ್ಣತಮ್ಮಂದಿರ ಜಗಳ, ಹಿಂದೆ ಕಾಗದದ ಸ್ವಂತ ಜಾತಕ.

ಆ ತಾರೀಖುಗಳನ್ನು ಗುಮಾಸ್ತರು ಹೊತ್ತು ಹೋಗದೆ ಬರೆದದ್ದಲ್ಲ. 1963ರ ಕಾಲಮಿತಿ ಕಾಯ್ದೆಯ 12ನೇ ಕಲಮಿನ ಪ್ರಕಾರ, ಅಪೀಲಿನ ವಾಯಿದೆ ಎಣಿಸುವಾಗ ಡಿಕ್ರಿಯ ನಕಲು ಪಡೆಯಲು ಹಿಡಿದ ಕಾಲವನ್ನು ಬಿಟ್ಟು ಎಣಿಸಬೇಕು. ಕಾಪಿಗಾಗಿ ಕಾದ ದಿನ ಕಾನೂನಿನ ಕಣ್ಣಿಗೆ ದಿನವೇ ಅಲ್ಲ! ಕಾಪಿ ತಯಾರಾದ ಮೇಲೂ ಒಯ್ಯದೆ ಮನೆಯಲ್ಲಿ ಕೂತವನಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅದಕ್ಕೇ ‘ತಯಾರಾದ ದಿನ’ ಬೇರೆ, ‘ಕೊಟ್ಟ ದಿನ’ ಬೇರೆ. ನನಗೆ ತಿಳಿದ ಮಟ್ಟಿಗೆ ಲೋಕದಲ್ಲಿ ಇನ್ಯಾವ ಕಾಯುವಿಕೆಗೂ ಇಷ್ಟು ಮರ್ಯಾದೆ ಸಿಕ್ಕಿಲ್ಲ. ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ ಬೆಣ್ಣೆದೋಸೆಗೆ ಕಾದ ಹೊತ್ತನ್ನು ಯಾವ ಕಾಯ್ದೆ ಆಯುಷ್ಯಕ್ಕೆ ವಾಪಸ್ ಜಮಾ ಮಾಡುತ್ತದೆ?

ನನಗೆ ಈ ಹಿಂಬದಿ ಓದುವ ಚಟ ಹತ್ತಿಸಿದ್ದು ನಮ್ಮ ಸೋದರಮಾವ. ಹರಿಹರದ ಹತ್ತಿರ, ಹೊಳೆ ದಂಡೆಯ ಒಂದು ಹಳ್ಳಿ ಅವರದು. ಅವರ ತಂದೆಯ ಕಾಲದಲ್ಲಿ ನಡೆದ ಪಾಲಿನ ದಾವೆಯ ಡಿಕ್ರಿ ಅವರಿಗೆ ಈಗ ಬೇಕಾಯಿತು. ದಾವೆ ಯಾವ ವರ್ಷದ್ದು ಎಂದರೆ ಅವರಲ್ಲಿ ಉತ್ತರ ಸಿದ್ಧವಿತ್ತು: “ದುರ್ಮುಖಿ ಸಂವತ್ಸರ. ನಮ್ಮವ್ವ ಯಾವಾಗ್ಲೂ ಹೇಳೋರು.”

ಪಂಚಾಂಗದಲ್ಲಿ ಹಿಂದಕ್ಕೆ ಹೋದರೆ 1956ರ ಯುಗಾದಿಯಿಂದ 57ರ ಯುಗಾದಿವರೆಗೆ ದುರ್ಮುಖಿ. ಏಕೀಕರಣ ಆದದ್ದೂ ಅದೇ ಸಂವತ್ಸರದಲ್ಲಿ. ಹೊಳೆಯಾಚೆಯ ರಾಣೇಬೆನ್ನೂರು ಮುಂಬಯಿ ರಾಜ್ಯ ಬಿಟ್ಟು ನಮ್ಮ ಕಡೆ ಬಂತು, ಅಜ್ಜನ ಹೊಲ ತಮ್ಮನ ಕಡೆ ಹೋಯಿತು. ಆದರೆ ಕೋರ್ಟಿಗೆ ಯುಗಾದಿ ರಜೆಯ ದಿನವೇ ಹೊರತು ವರ್ಷದ ಆರಂಭವಲ್ಲ. ನಮ್ಮ ಒಂದು ದುರ್ಮುಖಿ ಅವರ ಎರಡು ರಿಜಿಸ್ಟರಿಗೆ ಹರಡಿಕೊಂಡಿರುತ್ತದೆ.

“ಓ.ಎಸ್. ನಂಬರ್ ಹೇಳ್ರೀ ಯಜಮಾನ್ರೇ,” ಅಂದರು ಕಾಪಿ ವಿಭಾಗದವರು, ತಲೆ ಎತ್ತದಿದ್ದರೂ ಪ್ರೀತಿಯಿಂದಲೇ.

“ನಂಬರ್ ಡಿಕ್ರಿ ಮ್ಯಾಲೆ ಇರ್ತದಲ್ರೀ.”

“ಹೌದು. ಡಿಕ್ರಿ ಕೊಡ್ರಿ, ನೋಡಿ ಹೇಳ್ತೀನಿ.”

“ಅದೇ ಬೇಕಾಗಿರೋದು.”

ಇಬ್ಬರ ಮಾತೂ ಸರಿಯಾಗಿತ್ತು. ಸಾರ್ವಜನಿಕ ದಾಖಲೆ ಎಲ್ಲರಿಗೂ ಸೇರಿದ್ದು, ನಿಜ. ಅದರ ನಕಲು ಪಡೆಯುವ ಹಕ್ಕನ್ನು 1872ರ ಸಾಕ್ಷ್ಯ ಕಾಯ್ದೆಯೇ ಬರೆದಿಟ್ಟಿತ್ತು, ಈಗಿನ ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಆ ದಾಖಲೆಯನ್ನು ಹೆಸರು ಹಿಡಿದು ಕರೆಯಬೇಕಾದರೆ ಮೊದಲು ಅದು ನಿಮ್ಮ ಕೈಯಲ್ಲಿರಬೇಕು. ಈಗಿನ ಕೇಸಾದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ಹುಡುಕಬಹುದು, 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ನಂಬರಿನಿಂದ ತೀರ್ಪನ್ನೂ ಮೊಬೈಲಿಗೆ ಇಳಿಸಿಕೊಳ್ಳಬಹುದು. ದುರ್ಮುಖಿಯ ದಾವೆಗೆ ಆ ಭಾಗ್ಯವಿಲ್ಲ.

ಕಚೇರಿ ಹೊರಗಿನ ಟೈಪಿಸ್ಟರ ಮೇಜುಗಳ ಸುತ್ತ ಕಾನೂನಿನ ಇನ್ನೊಂದು ವಿಶ್ವವಿದ್ಯಾಲಯ ನಡೆಯುತ್ತಿರುತ್ತದೆ. ಅಲ್ಲೊಬ್ಬರು, “ಆರ್‌ಟಿಐ ಹಾಕ್ರಿ, ಹತ್ತು ರೂಪಾಯಿ,” ಅಂದರು. ಪಕ್ಕದಲ್ಲಿದ್ದ ವಕೀಲರ ಗುಮಾಸ್ತರು ನಕ್ಕರು. ಕೋರ್ಟಿನ ಕಡತದ ನಕಲನ್ನು ಕೋರ್ಟಿನ ನಿಯಮದಂತೆ ಕಾಪಿ ಅರ್ಜಿ ಹಾಕಿಯೇ ಪಡೆಯಬೇಕು, ಮಾಹಿತಿ ಹಕ್ಕಿನ ಬಾಗಿಲಿಂದ ಬರುವಂತಿಲ್ಲ ಎಂದು ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲೇ ಹೇಳಿಬಿಟ್ಟಿದೆ. ಮಾವ ದಾವೆಯಲ್ಲಿ ಸ್ವತಃ ಕಕ್ಷಿದಾರರೂ ಅಲ್ಲ, ವಾರಸುದಾರರು. ಹಾಗಾಗಿ ಯಾಕೆ ಬೇಕು ಅಂತ ಅಫಿಡವಿಟ್ ಬೇರೆ. “ನಮ್ಮಪ್ಪನ ಡಿಕ್ರಿ ನನಗ್ಯಾಕೆ ಬೇಕು ಅಂತ ಪ್ರಮಾಣ ಮಾಡ್ಬೇಕೇನೋ?” ಎಂದು ಮಾವ ನನ್ನನ್ನೇ ಕೇಳಿದರು, ನಿಯಮ ಬರೆದವನು ನಾನೇ ಎಂಬಂತೆ.

ಆರ್‌ಟಿಐ ಮಾತು ಬಂದಾಗಿನಿಂದ ಅವರ ತಲೆಯಲ್ಲಿ ಇನ್ನೊಂದು ಸಂಗತಿ ಕೂತುಬಿಟ್ಟಿತು. ಕರ್ನಾಟಕದ ನಿಯಮಕ್ಕೆ 2008ರಲ್ಲಿ ಒಂದು ತಿದ್ದುಪಡಿ ಬಂದಿದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ನಮ್ಮ ಮನೆತನದಲ್ಲಿ ಒಂದೇ ವಿಷಯ ಎಂಬುದು ಯಾವತ್ತೂ ಇದ್ದದ್ದಲ್ಲ. ಇನ್ನು 150 ಪದದಲ್ಲಿ ಮಾವ ನಮಸ್ಕಾರವನ್ನೂ ಮುಗಿಸುವವರಲ್ಲ.

ಆದರೂ ನಮ್ಮ ಕಷ್ಟ ದೊಡ್ಡದೇನಲ್ಲ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೂ ಹಿಂದಿನ ಜಿಲ್ಲಾಮಟ್ಟದ ಕಾಗದ ಹುಡುಕುವ ದಾವಣಗೆರೆ, ಹರಿಹರ, ಜಗಳೂರಿನವರು ಚಿತ್ರದುರ್ಗದ ಬಸ್ಸನ್ನೂ, ಹೊನ್ನಾಳಿ, ಚನ್ನಗಿರಿಯವರು ಶಿವಮೊಗ್ಗದ ಬಸ್ಸನ್ನೂ ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಹರಪನಹಳ್ಳಿಯವರದಂತೂ ಹೇಳತೀರದು. 1953ರವರೆಗೆ ಮದ್ರಾಸಿನ ಕೆಳಗಿನ ಬಳ್ಳಾರಿ, ಆಮೇಲೆ ಮೈಸೂರಿನ ಬಳ್ಳಾರಿ, 1997ರಿಂದ ದಾವಣಗೆರೆ, ತಿರುಗಿ ಬಳ್ಳಾರಿ, 2021ರಿಂದ ವಿಜಯನಗರ. ಅಲ್ಲಿನ ಒಬ್ಬ ರೈತ ಹೊಲ ಬಿಟ್ಟು ಕದಲದೆಯೇ ಇಷ್ಟೆಲ್ಲ ಜಿಲ್ಲೆ ಸುತ್ತಿದ್ದಾನೆ. ಅವನ ಕಾಗದಗಳು ಅವನಿಗಿಂತ ಹೆಚ್ಚು ದೇಶ ನೋಡಿರಲಿಕ್ಕೂ ಸಾಕು.

ಕಲ್ಲಿನ ಕಾಗದಕ್ಕೂ ಈ ಪಾಡು ತಪ್ಪಿಲ್ಲ. ಹರಿಹರದ ಹರಿಹರೇಶ್ವರ ದೇವಸ್ಥಾನವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಅಲ್ಲಿ ನಿಲ್ಲಿಸಿರುವ ಶಾಸನಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅಚ್ಚು ಹಾಕಿಸಿದಾಗ ಅವು ಹೋಗಿ ಕೂತದ್ದು ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿ, ದಾವಣಗೆರೆ ತಾಲ್ಲೂಕಿನ ನಂಬರುಗಳಡಿಯಲ್ಲಿ. ಪುಸ್ತಕದಲ್ಲಿ ಹುಡುಕುವವನಿಗೆ ಅಲ್ಲೂ ನಂಬರೇ ಬೇಕು. ದೇವಸ್ಥಾನದಲ್ಲಿ ಮಾತ್ರ ಅರ್ಜಿಯಿಲ್ಲ, ಅಫಿಡವಿಟ್ ಇಲ್ಲ, ಊಟದ ವಿರಾಮವೂ ಇಲ್ಲ. ಆಳೆತ್ತರದ ಶಾಸನದ ಮುಂದೆ ಮಾವ ಕನ್ನಡಕ ಒರೆಸಿಕೊಂಡು ನಿಂತರು. ಒಂದು ಸಾಲೂ ಬಗೆಹರಿಯಲಿಲ್ಲ. “ಆದ್ರೂ ಕೋರ್ಟಿನ ಕೈಬರಹಕ್ಕಿಂತ ಚಂದ ಐತಿ ಬಿಡು,” ಅಂದರು.

ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಒಂದು ಶಾಪ ಇರುತ್ತದೆ. ದಾನವನ್ನು ಅಪಹರಿಸಿದವನು 60,000 ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ ಎಂದು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಂಡ ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ಅಂದರೆ ನೂರನೇ ದಿನಕ್ಕೆ ಪಾಪವೆಲ್ಲ ಪೂರ್ತಿ ಚುಕ್ತಾ. ಹೋಲಿಸಿದರೆ ಹೊಯ್ಸಳರ ಕಾಲದ ಗುಮಾಸ್ತರು ಹೆಚ್ಚು ಚುರುಕಾಗಿದ್ದಿರಬೇಕು ಅನ್ನಿಸುತ್ತದೆ. ಇನ್ನೊಂದು ತಮಾಷೆ ನೋಡಿ. ದಾಖಲೆ ನಾಶ ಮಾಡಲು ಬ್ರಿಟಿಷ್ ಇಂಡಿಯಾದಲ್ಲಿ 1917ರ ಹೊತ್ತಿಗಾಗಲೇ ಪ್ರತ್ಯೇಕ ಕಾಯ್ದೆ ಇತ್ತು, ದಾಖಲೆ ಕೇಳಲು ದೇಶಕ್ಕೆಲ್ಲ ಕಾಯ್ದೆ ಬಂದದ್ದು 2005ರಲ್ಲಿ. ಸುಡುವುದಕ್ಕೆ ನಮಗೆ ಸದಾ ಅವಸರ.

ಕಡೆಗೆ ನಂಬರ್ ಸಿಕ್ಕಿದ್ದು ದೇವರ ಫೋಟೋದ ಹಿಂದೆ. ಅಜ್ಜಿ ಕಟ್ಟಿಸಿದ್ದ ಹಳೇ ಫ್ರೇಮಿನ ಗಾಜು ಸಡಿಲವಾಗದಿರಲಿ ಎಂದು ಯಾರೋ ಒಂದು ಪೋಸ್ಟ್ ಕಾರ್ಡ್ ತುರುಕಿದ್ದರು. ವಕೀಲರ ಗುಮಾಸ್ತ ಅಜ್ಜನಿಗೆ ಬರೆದದ್ದು. ಓ.ಎಸ್. ನಂಬರ್, ಓರೆಗೆರೆ, 56, ಮುಂದಿನ ವಾಯಿದೆ ದಿನ, ಕೆಳಗೆ ಅಡಿಗೆರೆ ಎಳೆದು “ಬರುವಾಗ ಫೀಜಿನ ಬಾಕಿ ತಪ್ಪದೆ ತರುವುದು.” ಮಾವನಿಗೆ ನಂಬರ್ ಸಿಕ್ಕ ಸಂತೋಷಕ್ಕಿಂತ ಆ ಬಾಕಿ ಅಜ್ಜ ತೀರಿಸಿದ್ದರೋ ಇಲ್ಲವೋ ಎಂಬ ಚಿಂತೆಯೇ ದೊಡ್ಡದಾಯಿತು. ರೆಕಾರ್ಡ್ ರೂಮಿನಿಂದ ಡಿಕ್ರಿ ಬಂತು, ಕೋರ್ಟ್ ಫೀ ಸ್ಟಾಂಪು ಹಚ್ಚಿ, ಸೀಲು ಹೊಡೆಸಿ, ಪುಟಪುಟಕ್ಕೂ ಸಹಿಯಾಗಿ.

ಅಲ್ಲಿಂದ ನೇರ ತಾಲ್ಲೂಕು ಕಚೇರಿಗೆ. 2000ದ ಆಸುಪಾಸು ‘ಭೂಮಿ’ ಯೋಜನೆ ಬಂದ ಮೇಲೆ ಪಹಣಿ ಕಂಪ್ಯೂಟರಿಗೆ ಹತ್ತಿದೆ. ಅದಕ್ಕೂ ಹಳೆಯದಾದ ಕೈಬರಹದ ಕಟ್ಟುಗಳನ್ನು ಈಗ ‘ಭೂ ಸುರಕ್ಷಾ’ ಹೆಸರಿನಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಿಟಕಿಯ ಆಚೆಯ ಹುಡುಗಿ ಸರ್ವೆ ನಂಬರ್ ಕೇಳಿದಳು. ಮಾವ ಡಿಕ್ರಿಯನ್ನು ಬಿಡಿಸಿ, ಬೆರಳಿಟ್ಟು ತೋರಿಸಿದರು. ಇಂಥ ಪ್ರಶ್ನೆಗೆ ಈ ಸಲ ಉತ್ತರ ಕೈಯಲ್ಲೇ ಇತ್ತು. ಅವಳು ಕೀಲಿ ಒತ್ತಿ, ಪರದೆ ನೋಡಿ, ಮತ್ತೆ ಡಿಕ್ರಿ ನೋಡಿದಳು.

“ಅಜ್ಜಾರೇ, ಈ ನಂಬರ್ ಈಗ ಒಡೆದು ಬೇರೆ ಬೇರೆ ಹಿಸ್ಸಾ ಆಗೈತ್ರಿ. ಯಾವುದು ಬೇಕು ನಿಮಗೆ? ಹಳೇ ಮ್ಯುಟೇಶನ್ ಬೇಕಂದ್ರೆ ಎಂ.ಆರ್. ನಂಬರ್ ಹೇಳ್ರಿ. ಇಲ್ಲಾಂದ್ರೆ ಒಂದು ಆರ್‌ಟಿಐ ಕೊಡ್ರಿ, ಹುಡುಕಿ ಕೊಡ್ತಾರೆ.”

ಮಾವ ಕಿಟಕಿಯಿಂದ ಈಚೆ ಸರಿದು, ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು ಕೇಳಿದರು: “ನಮ್ಮಜ್ಜನ ಕಾಲದಿಂದ ಶುರು ಮಾಡಿದ್ರೆ 150 ಪದ ಸಾಲ್ತಾವೇನೋ?”