ನಯಾಪೈಸೆಯೂ ಪಿತೃತ್ವವೂ

ತಂದೆಯೆಂಬುವನ ಘನತೆಗೆ ಆಧಾರಸ್ತಂಭ ಯಾವುದೆಂಬುದನ್ನು ಧರ್ಮಶಾಸ್ತ್ರಗಳು ಬಗೆಬಗೆಯಾಗಿ ನಿರೂಪಿಸಿರಬಹುದು. ನನ್ನ ಮಟ್ಟಿಗಂತೂ ಅದು 1957ನೆಯ ಇಸವಿ ಮಾರ್ಚಿ ತಿಂಗಳ 31ನೆಯ ತಾರೀಖಿನವರೆಗೆ ಕಾಲು, ಅರೆ, ಮುಕ್ಕಾಲು ಮಗ್ಗಿಗಳ ಮೇಲೆ ನಿಂತಿತ್ತು. ಕೂಲಿಮಠದ ಅಯ್ಯನವರ ಬೆತ್ತಕ್ಕೂ ಕೋದಂಡಕ್ಕೂ ಅಂಜಿ ಕಂಠಸ್ಥ ಮಾಡಿದ ಆ ವಿದ್ಯೆ, ಮುಂದೆ ಕಾಲೇಜಿನಲ್ಲಿ ಕಲಿತದ್ದೆಲ್ಲವೂ ಸುಳಿವಿಲ್ಲದಂತೆ ಅಳಿಸಿಹೋದ ಮೇಲೂ ನನ್ನನ್ನು ಕೈಬಿಟ್ಟಿರಲಿಲ್ಲ. ಮೈಸೂರಿನ ಸಂತೇಪೇಟೆಯಲ್ಲಿ, ಸೇರಿಗೆ ಆರೂವರೆ ಆಣೆಯಂತೆ ಮೂರೂವರೆ ಸೇರು ತೊಗರಿಬೇಳೆಯನ್ನು ಶೆಟ್ಟರು ಅಳೆದು ಮುಗಿಸುವಷ್ಟರಲ್ಲಿ, 'ಒಂದು ರೂಪಾಯಿ ಆರಾಣೆ ಒಂಬತ್ತು ಕಾಸು' ಎಂದು ನಾನು ಉಚ್ಚರಿಸಿದಾಗ, ಚೀಲ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದ ನನ್ನ ಒಂಬತ್ತು ವರ್ಷದ ಮಗ, ಗ್ರಹಣದ ಕಾಲವನ್ನು ಮುಂದಾಗಿ ಹೇಳಬಲ್ಲ ಜ್ಯೋತಿಷಿಯನ್ನು ನೋಡುವಂತೆ ನನ್ನ ಮುಖವನ್ನು ನೋಡುತ್ತಿದ್ದನು. ಪಿತೃಭಕ್ತಿಗೆ ಇದಕ್ಕಿಂತ ಅಗ್ಗವಾದ ಸಾಧನವನ್ನು ನಾನು ಕಂಡಿಲ್ಲ.

ಆ ವರ್ಷ ಏಪ್ರಿಲ್ 1ನೆಯ ತಾರೀಖಿಗೇ ಹೇವಿಳಂಬಿ ಸಂವತ್ಸರದ ಯುಗಾದಿಯೂ ಬಂದಿತು, ಸರ್ಕಾರದ ನಯಾಪೈಸೆಯೂ ಬಂದಿತು. ಬೇವು-ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಪಂಚಾಂಗದಲ್ಲಿ ನನ್ನ ರಾಶಿಯ ಆದಾಯ-ವ್ಯಯಗಳನ್ನು ನೋಡಿ ನಾನು ನಿಟ್ಟುಸಿರು ಬಿಡುತ್ತಿದ್ದ ಶುಭ ಮುಹೂರ್ತದಲ್ಲಿ ಮಗನು ಬಂದು ಕೇಳಿದನು:

"ಅಣ್ಣಾ, ಒಂದಾಣೆಗೆ ಎಷ್ಟು ನಯಾಪೈಸೆ?"

"ಆರು."

"ನಾಲ್ಕಾಣೆಗೆ?"

"ಇಪ್ಪತ್ತೈದು."

"ಆರು ನಾಲ್ಕಲ ಇಪ್ಪತ್ತನಾಲ್ಕಲ್ಲವೆ? ಇನ್ನೊಂದು ಎಲ್ಲಿಂದ ಬಂತು?"

ಅಯ್ಯನವರು ನನಗೆ ಕಲಿಸಿದ ಯಾವ ಮಗ್ಗಿಯಲ್ಲಿಯೂ ಆ ಒಂದು ಪೈಸೆಗೆ ಎಡೆಯಿರಲಿಲ್ಲ. ಆದರೂ ಪತ್ರಿಕೆಯಲ್ಲಿ ಅಚ್ಚಾಗಿದ್ದ ಕೋಷ್ಟಕವನ್ನು ಮುಂದಿಟ್ಟುಕೊಂಡು, ರೂಪಾಯಿಗೆ 100 ಪೈಸೆಯಾದುದರಿಂದ ಆಣೆಯ ನಿಜವಾದ ಬೆಲೆ ಆರೂಕಾಲು ಎಂದೂ, ಅರ್ಧ ಅಥವಾ ಅದಕ್ಕಿಂತ ಕಡಮೆಯಾದುದನ್ನು ಬಿಟ್ಟು, ಅರ್ಧಕ್ಕೆ ಮೀರಿದುದನ್ನು ಪೂರ್ತಿಯೆಂದು ಎಣಿಸಬೇಕೆಂದೂ, ಆದಕಾರಣ ಮೂರಾಣೆಗೆ 19, ಆರಾಣೆಗೆ 37 ಎಂದೂ ಗಂಭೀರವಾಗಿ ಬೋಧಿಸಿದೆನು. ಹುಡುಗನು ಮರುಮಾತಿಲ್ಲದೆ ತಲೆದೂಗಿದನು. ನನಗೆ ಅಲ್ಲಿಯೇ ಸಂಶಯ ಹುಟ್ಟಬೇಕಾಗಿತ್ತು.

ಮಾರನೆಯ ದಿನ ಅವನು ಒಂದು ತೂತಿನ ಕಾಲಾಣೆಯನ್ನು ತಂದು, ಇದಕ್ಕೆ ಎಷ್ಟು ಎಂದನು. ಲೆಕ್ಕ ಹಾಕಿದರೆ ಒಂದೂವರೆಗಿಂತ ತುಸು ಹೆಚ್ಚು. ಸೂತ್ರದ ಪ್ರಕಾರ ಎರಡು. ಅಂಚು ಅಲೆಅಲೆಯಾಗಿದ್ದ ಹೊಸ ಎರಡು ಪೈಸೆಯ ನಾಣ್ಯವನ್ನು ಕೊಟ್ಟೆನು. ಮರುದಿನ ಇನ್ನೊಂದು ಕಾಲಾಣೆ, ಅದರ ಮರುದಿನ ಮತ್ತೊಂದು. ಬಾಲಕನಿಗೆ ದಶಮಾಂಶ ಪದ್ಧತಿಯಲ್ಲಿ ಮೂಡಿದ ಈ ಆಸಕ್ತಿಯನ್ನು ಕಚೇರಿಯಲ್ಲಿ ಇಬ್ಬರು ಮೂವರ ಮುಂದೆ ನಾನು ಹೊಗಳಿಕೊಂಡದ್ದೂ ಉಂಟು.

ಹದಿನೈದು ದಿನಗಳಾದ ಮೇಲೆ, ನಮ್ಮ ತಾಯಿ ಎಲೆಯಡಿಕೆಯ ಚೀಲವನ್ನು ಬಿಚ್ಚುತ್ತ, "ಮಗು ಬಲು ಒಳ್ಳೆಯವನಪ್ಪ, ನನ್ನ ಹಳೇ ಕಾಲಾಣೆ ನಾಲ್ಕು ತೊಗೊಂಡು ಆರು ಹೊಸ ಪೈಸೆ ಕೊಡುತ್ತಾನೆ, ಸರ್ಕಾರದ ರೇಟಂತೆ" ಎಂದರು. ವಿಷಯ ಆಗ ಬೆಳಕಿಗೆ ಬಂದಿತು. ಅಜ್ಜಿಯಿಂದ ನಾಲ್ಕು ಕಾಲಾಣೆಯನ್ನು ಒಂದಾಣೆಯ ಲೆಕ್ಕದಲ್ಲಿ ಆರು ಪೈಸೆಗೆ ಕೊಂಡು, ನನ್ನ ಬಳಿಗೆ ದಿನಕ್ಕೊಂದರಂತೆ ತಂದು ಎಂಟು ಪೈಸೆಗೆ ಮಾರುತ್ತಿದ್ದನು! ಲೆಕ್ಕವನ್ನು ಬಿಡಿಬಿಡಿಯಾಗಿ ಮಾಡದೆ ಒಟ್ಟು ಮೊತ್ತಕ್ಕೆ ಒಂದೇ ಸಲ ಮಾಡಬೇಕೆಂಬುದು ಮಗ್ಗಿಗಳ ಮಹಾಪಂಡಿತನಾದ ನನಗೆ ಹೊಳೆದಿರಲಿಲ್ಲ.

ಕರೆದು ವಿಚಾರಿಸಿದರೆ, "ನೀನೇ ಹೇಳಿದೆಯಲ್ಲಣ್ಣ, ಅರ್ಧ ಮೀರಿದರೆ ಪೂರ್ತಿ ಅಂತ" ಎಂದನು. ಬೆತ್ತವನ್ನು ಹುಡುಕುವಂತೆ ನಟಿಸಿದೆನಾದರೂ, ಹಿಂದೊಮ್ಮೆ ನಮ್ಮ ತಾತ ಹತ್ತು ಹಣಕ್ಕೊಂದು ವರಹವೆಂದು ಬೆರಳು ಮಡಿಸಿ ಎಣಿಸುತ್ತಿದ್ದಾಗ ಕಂಬದ ಮರೆಯಲ್ಲಿ ನಿಂತು ನಕ್ಕಿದ್ದ ಒಬ್ಬ ಹುಡುಗನ ನೆನಪಾಗಿ, ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸಿದೆನು. ಅಡುಗೆಮನೆಯಿಂದ ತೀರ್ಪು ಬಂದಿತು: "ಅಂಗಡಿ ಲೆಕ್ಕ ಇನ್ನುಮೇಲೆ ಅವನಿಗೇ ಬಿಡಿ. ಮನೆಗೆ ಎರಡು ಕಾಸಾದರೂ ಉಳಿದೀತು."

ಮುಂದಿನ ಭಾನುವಾರ ಶೆಟ್ಟರು ಬೇಳೆ ಅಳೆದರು. ನನ್ನ ತುಟಿಗಳು ಅಭ್ಯಾಸಬಲದಿಂದ ಮುಕ್ಕಾಲು ಮಗ್ಗಿಯನ್ನು ಜಪಿಸುತ್ತಿರುವಾಗಲೇ ಮಗನು ಮೊತ್ತವನ್ನು ಪೈಸೆಯಲ್ಲಿ ಹೇಳಿದನು. ಶೆಟ್ಟರು ನನ್ನನ್ನು ದಾಟಿ ಅವನಿಗೇ "ಸರಿ ಸ್ವಾಮಿ" ಎಂದು ಚಿಲ್ಲರೆ ಎಣಿಸಿದರು. ಚೀಲ ನನ್ನ ಕೈಯಲ್ಲಿತ್ತು. ಮನೆಯ ದಾರಿಯಲ್ಲಿ ಹುಡುಗನು ಉಳಿದ ಹಣವನ್ನು ವಿನಯದಿಂದ ನನ್ನ ಜೇಬಿಗೆ ಹಾಕಿದನು. ಎಣಿಸಿ ನೋಡುವ ಧೈರ್ಯ ನನಗಾಗಲಿಲ್ಲ.